ಸೋಲಲು ನಿಂತ ಬಾಳು ಕಾಕಾ

ಬಾಳು ಕಾಕಾಗೆ ಪಿಸುಮಾತು ಬರುತ್ತಿರಲಿಲ್ಲ. ಹಿಟ್ಟಿನ ಗಿರಣಿಯ ಸದ್ದಿನ ಮೇಲೆ ಮೂವತ್ತು ವರ್ಷ ಕೂಗಿ ಕೂಗಿ ಅವರ ದನಿ ಒಂದೇ ಎತ್ತರದಲ್ಲಿ ನಿಂತುಬಿಟ್ಟಿತ್ತು. ಲಗ್ನದ ಮನೆಯಲ್ಲೂ ಅದೇ ದನಿ, ಮಣ್ಣಿಗೆ ಹೋದಲ್ಲೂ ಅದೇ ದನಿ. ಒಂದು ಸಲ ಮತಗಟ್ಟೆಯೊಳಗೆ ನಿಂತು, ಶಿಕ್ಕಾ ಹೆಸರಿನ ಮೇಲೆ ಒತ್ತಬೇಕೋ ಚಿತ್ರದ ಮೇಲೆ ಒತ್ತಬೇಕೋ ಎಂದು ಅವರು ಕೇಳಿದ್ದು ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದ ಪೊಲೀಸಿನವನಿಗೂ ಕೇಳಿಸಿತ್ತಂತೆ. ಇದು ಗುಪ್ತ ಮತದಾನ, ಸ್ವಲ್ಪ ಮೆಲ್ಲಗೆ ಮಾತಾಡಿ ಎಂದು ಒಳಗಿನ ಅಧಿಕಾರಿ ತಿಳಿಹೇಳಿದರೆ ಕಾಕಾ ಬಹಳ ನಯವಾಗಿ, "ಮೆಲ್ಲಗನ ಮಾತಾಡಾಕತ್ತೀನ್ರಿ ಸಾಹೇಬ್ರ" ಅಂದಿದ್ದರು. ಅದೂ ಬೇವಿನ ಗಿಡದವರೆಗೆ ಹೋಗಿತ್ತು.

ಇಂಥ ಮನುಷ್ಯ ನಾಲ್ಕು ಸಲ ಗ್ರಾಮ ಪಂಚಾಯತಿ ಚುನಾವಣೆಗೆ ನಿಂತರು. ನಾಲ್ಕು ಸಲವೂ ಸೋಲಬೇಕೆಂದೇ ನಿಂತರು. ನಾಲ್ಕನೆಯ ಸಲ ಗೆದ್ದೇಬಿಡುತ್ತಾರೆ ಅನ್ನುವ ಪರಿಸ್ಥಿತಿ ಬಂತು. ಅದಕ್ಕೆ ಕಾರಣ ನಾನು. ಆದರೆ ಅದಕ್ಕೂ ಮೊದಲು ಗಿರಣಿಯ ಸಂಗತಿ ಹೇಳಬೇಕು.

ನಮ್ಮದು ಕೃಷ್ಣಾ ದಂಡೆಯ ಹಳ್ಳಿ. ಸಂತೆಗೆ ಐನಾಪುರ, ಕಾಲೇಜಿಗೆ ಅಥಣಿ, ದವಾಖಾನೆಗೆ ಮಿರಜ. ಊರ ಹನಮಪ್ಪನ ಗುಡಿಯ ಹಿಂದಿನ ಓಣಿಯಲ್ಲಿ ಕಾಕಾನ ಗಿರಣಿ. ಒಳಗೆ ಹೋದರೆ ಮೊದಲು ಕಾಣುವುದು ಎರಡು ಕಣ್ಣು, ಉಳಿದದ್ದೆಲ್ಲ ಹಿಟ್ಟು. ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬಿಳಿ. ಸ್ನಾನ ಮಾಡಿ ಒಗೆದ ಅಂಗಿ ಹಾಕಿಕೊಂಡು ಹೊರಗೆ ಬಂದರೆ ಹದಿನೈದು ವರ್ಷ ಕಳಚಿ ಬಿದ್ದು, ಯಾರಪ್ಪ ಇವರು ಎಂದು ನಾವೇ ಒಂದು ಗಳಿಗೆ ನೋಡುತ್ತಿದ್ದೆವು.

ಗಿರಣಿ ತಿರುಗುವಾಗ ಅಲ್ಲಿ ಮಾತಿಲ್ಲ. ಕರೆಂಟ್ ಹೋದರೆ ರಾಜಕೀಯ ಸುರು. ಜೋಳದ ಡಬ್ಬಿ ಸಾಲಿಗೆ ಇಟ್ಟು ಹೆಂಗಸರು ಹೊಸ್ತಿಲ ಮೇಲೆ, ಗಂಡಸರು ಹೊರಗಿನ ಕಲ್ಲಿನ ಮೇಲೆ ಕೂತರೆ, ಗ್ರಾಮ ಪಂಚಾಯತಿಯಿಂದ ಹಿಡಿದು ದಿಲ್ಲಿಯವರೆಗೆ ಎಲ್ಲರಿಗೂ ಬೈಗುಳ. ಅಲ್ಲಿ ಕಾಕಾ ಒಂದು ಕಾನೂನು ಮಾಡಿದ್ದರು. ಯಾರನ್ನು ಬೇಕಾದರೂ ಬೈಯಬಹುದು, ಆದರೆ ಮೊದಲು ಆ ಮನುಷ್ಯ ಮಾಡಿದ ಒಂದು ಚಲೋ ಕೆಲಸ ಹೇಳಬೇಕು. "ಹೇಳಾಕ ಬರಲಿಲ್ಲಂದ್ರ ನಿಮಗ ಅಂವ ಗೊತ್ತಿಲ್ಲಂದಂಗಾತು. ಗೊತ್ತಿಲ್ಲದಾಂವನ್ನ ಹೆಂಗ ಬೈತೀರಿ?" ಎಷ್ಟೋ ಮಂದಿ ಬಾಯಿ ತೆರೆದು, ಯೋಚಿಸಿ, ಬಾಯಿ ಮುಚ್ಚಿ, ಡಬ್ಬಿ ಸರಿಸಿಕೊಂಡಿದ್ದನ್ನು ನಾನು ನೋಡಿದ್ದೇನೆ.

ಕಾಕಾ ನಾಲ್ಕನೆಯ ಸಲ ನಿಂತಾಗ ನಾನು ಅಥಣಿಯಲ್ಲಿ ಡಿಗ್ರಿ ಕೊನೆಯ ವರ್ಷ. ಕಾಲೇಜಿನ ಚರ್ಚಾ ಸ್ಪರ್ಧೆಯ ತಂಡದಲ್ಲಿದ್ದೆ. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಏನು ಬಂದರೂ ಎದುರಿನವರು ನೀರು ಕೇಳುವ ಹಾಗೆ ಮಾತಾಡುತ್ತಿದ್ದೆ. ರವಿವಾರ ಊರಿಗೆ ಬಂದಾಗ ಅವ್ವ ನನ್ನ ಕೈಗೆ ಜೋಳದ ಡಬ್ಬಿ ಕೊಟ್ಟು ಗಿರಣಿಗೆ ಅಟ್ಟುತ್ತಿದ್ದಳು. ಬಾಗಿಲಲ್ಲಿ ನನ್ನ ಕಂಡ ಕೂಡಲೇ ಕಾಕಾ, "ಬಂದಳು ನೋಡ್ರಿ ವಕೀಲಬಾಯಿ, ಇನ್ನ ಕರೆಂಟ್ ಹೋಗತೈತಿ" ಅನ್ನುತ್ತಿದ್ದರು.

ಒಂದು ಸಲ ನಾನು ಅಲ್ಲಿ ಮತದಾನ ಎಂಬುದೇ ಹೇಗೆ ಅರ್ಥವಿಲ್ಲದ್ದು ಎಂದು ಸಿದ್ಧಮಾಡಿ ತೋರಿಸಿದೆ. ಸಾವಿರ ವೋಟಿನಲ್ಲಿ ನನ್ನದೊಂದು ಇದ್ದರೂ ಅಷ್ಟೇ, ಬಿಟ್ಟರೂ ಅಷ್ಟೇ; ಇಬ್ಬರಲ್ಲಿ ಯಾರು ಬಂದರೂ ಕುರ್ಚಿ ಅವರನ್ನು ಒಂದೇ ಥರ ಮಾಡುತ್ತದೆ; ಹಾಗಾಗಿ ಬಿಸಿಲಲ್ಲಿ ಸಾಲು ನಿಲ್ಲುವುದು ಬರೀ ಸಮಾಧಾನಕ್ಕೆ. ಕಾಕಾ ಪೂರ್ತಿ ಕೇಳಿದರು. ಆಮೇಲೆ ನನ್ನ ಡಬ್ಬಿ ತೋರಿಸಿ ಕೇಳಿದರು, "ಈ ಜ್ವಾಳ ನಾ ಬೀಸಿಕೊಡಲಿಲ್ಲಂದ್ರ ಊರಿಗೆ ಏನಾಗತೈತಿ?"

"ಊರಿಗೇನಾಗಂಗಿಲ್ಲ."

"ನಿನಗ?"

"ನನಗ ರೊಟ್ಟಿ ಇಲ್ಲ."

"ಹಾಂ. ನೀ ವೋಟ್ ಊರಿಗಂತ ಹಾಕಾಕ ಹೊಂಟಿ. ಅದು ನಿನಗ."

ಆ ಮಾತಿನಲ್ಲಿ ಮೂರು ತಪ್ಪು ತರ್ಕ ಇದ್ದವು. ಮನೆಗೆ ಹೋಗುವ ದಾರಿಯಲ್ಲಿ ಮೂರನ್ನೂ ಹುಡುಕಿದೆ. ಹಸಿವಾಗಿತ್ತು, ತಿರುಗಿ ಹೋಗಿ ಹೇಳಲಿಲ್ಲ.

ದೊಡ್ಡ ಚುನಾವಣೆಯಲ್ಲಿ ಅಭ್ಯರ್ಥಿಗಳು ಗಿರಣಿಗೂ ಬರುತ್ತಿದ್ದರು, ಯಾಕೆಂದರೆ ಅಲ್ಲಿ ಮಂದಿ ಇರುತ್ತಿದ್ದರು. ಕಾಕಾ ಅವರಿಗೆ ಕೈ ಮುಗಿಯುತ್ತಿದ್ದರು, ಕಾಲಿಗೆ ಬೀಳುತ್ತಿರಲಿಲ್ಲ, ಸಾಲು ತಪ್ಪಿಸಿ ಒಳಗೆ ಬಿಡುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ರಾಜಕಾರಣಿ ಅಂದರೆ ದೇವರೂ ಅಲ್ಲ, ಕಳ್ಳನೂ ಅಲ್ಲ. ಬೀಸಿಸಿಕೊಳ್ಳಲು ಬಂದ ಗಿರಾಕಿ. ಹಿಂದೆ ಬಂದವನು ಹಿಂದೆ ನಿಲ್ಲಬೇಕು. ಒಬ್ಬ ಹಾಗೇ ಬಂದು ನಿಂತಾಗ, ಕಾಕಾ ಬಿಸಿ ಹಿಟ್ಟು ಒಂದು ಚಿಟಿಕೆ ಅವನ ಅಂಗೈಗೆ ಹಾಕಿ, ಸಣ್ಣ ಆಗೈತೇನು ನೋಡ್ರಿ ಅಂದರು. ಅವನು ಬೆರಳು ಕೂಡಿಸಿ ಉಜ್ಜಲೂ ಇಲ್ಲ, "ಭಾರೀ ಚಲೋ ಆಗೈತ್ರಿ" ಅಂದ. ಅದು ದನಕ್ಕೆಂದು ಒಡೆದ ಗೋವಿನಜೋಳದ ನುಚ್ಚು. ನಾಲ್ಕು ದಿನ ಬಿಟ್ಟು ಅವನ ಎದುರಾಳಿ ಬಂದ. ಅವನಿಗೂ ಅದೇ ಪರೀಕ್ಷೆ. ಅವನು ಉಜ್ಜಿ ನೋಡಿ ನಾಚಿಕೊಂಡು, ನನಗೆ ಇದೆಲ್ಲ ತಿಳಿಯುವುದಿಲ್ಲ, ಮನೆಯಲ್ಲಿ ನಮ್ಮವ್ವ ನೋಡುತ್ತಾಳೆ ಅಂದ. ಅವನು ಹೋದ ಮೇಲೆ ಕಾಕಾ ಎಂದಿನ ದನಿಯಲ್ಲಿ ತೀರ್ಪು ಕೊಟ್ಟರು: "ಇಂವಗ ಗೊತ್ತಿಲ್ಲಾ ಅನ್ನಾಕ ಬರತೈತಿ. ಬಾಕಿದ್ದು ಕಲಿತಾನ." ಕಾರಿನ ಕಿಟಕಿ ಇನ್ನೂ ಏರಿಸಿರಲಿಲ್ಲ, ಕೇಳಿಸಿರಬೇಕು.

ಇನ್ನು ಅವರ ನಾಮಪತ್ರದ ವಿಷಯ. ನಮ್ಮ ಊರಿನಲ್ಲಿ ಪಂಚಾಯತಿ ಚುನಾವಣೆ ಬಂತೆಂದರೆ ಹಿರಿಯರು ಹನಮಪ್ಪನ ಗುಡಿ ಕಟ್ಟೆಯ ಮೇಲೆ ಕೂತು, ಯಾವ ವಾರ್ಡಿಗೆ ಯಾರು ಅಂತ ಮಾತಾಡಿ ಮುಗಿಸುವ ರೂಢಿ. ಒಬ್ಬನೇ ಅರ್ಜಿ ಹಾಕುತ್ತಾನೆ, ಅವಿರೋಧ ಆಯ್ಕೆ ಆಗುತ್ತದೆ. ಮಹಾರಾಷ್ಟ್ರ ಮಗ್ಗಲಲ್ಲೇ ಇರುವ ನಮಗೆ ಅದು ಬಿನವಿರೋಧ. ಜಗಳ ಇಲ್ಲ, ಖರ್ಚಿಲ್ಲ, ಊರು ಒಗ್ಗಟ್ಟು ಅಂತ ಹೆಮ್ಮೆ ಬೇರೆ. ನಮ್ಮ ವಾರ್ಡಿಗೆ ಕಟ್ಟೆಯವರು ಆರಿಸುತ್ತಿದ್ದದ್ದು ರಾವಸಾಬರನ್ನು. ದ್ರಾಕ್ಷಿ ತೋಟದವರು, ಕೆಟ್ಟವರಲ್ಲ, ಮಾತೇ ಆಡುವವರಲ್ಲ. ಅರ್ಜಿ ಹಾಕುವ ಕೊನೆಯ ದಿನ ಬಾಳು ಕಾಕಾ ಅರ್ಧ ತಾಸು ಗಿರಣಿ ಬಂದ್ ಮಾಡಿ, ಹಿಟ್ಟಿನ ಮೈಯಲ್ಲೇ ಪಂಚಾಯತಿಗೆ ಹೋಗಿ, ರಾವಸಾಬರ ಎದುರಿಗೆ ತಮ್ಮದೊಂದು ಅರ್ಜಿ ಹಾಕಿ ಬರುತ್ತಿದ್ದರು. ಸೂಚಕಳಾಗಿ ಸಹಿ ಹಾಕುತ್ತಿದ್ದದ್ದು ಶಾಂತಾ ಮಾವಶಿ; ನಮ್ಮ ವಾರ್ಡಿನ ತಗ್ಗಿನ ಓಣಿಯ ಬೌದ್ಧ ಮನೆಯವಳು, ಕಬ್ಬಿನ ಹೊಲಕ್ಕೆ, ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವವಳು. ಹೆಬ್ಬೆಟ್ಟಲ್ಲ, ದೊಡ್ಡ ದೊಡ್ಡ ಅಕ್ಷರದ ಸಹಿ. ಅರ್ಜಿಯಲ್ಲಿ ಜಾಗ ಸಾಲುತ್ತಿರಲಿಲ್ಲ.

ಅಲ್ಲಿಗೆ ಚುನಾವಣೆ ನಡೆಯಲೇಬೇಕಾಗುತ್ತಿತ್ತು. ಕಾಕಾನ ಪ್ರಚಾರ ಗಿರಣಿಯ ಹೊಸ್ತಿಲಿಂದ ಆಚೆ ಹೋಗುತ್ತಿರಲಿಲ್ಲ. "ನನಗ ಹಾಕಬ್ಯಾಡ್ರಿ. ಆದರ ಬಂದು ಹಾಕ್ರಿ." ಇಷ್ಟೇ ಭಾಷಣ. ಒಂದು ಸಲ ಒಂಬತ್ತು ವೋಟು ಬಿದ್ದಿದ್ದವು. ಆ ಒಂಬತ್ತು ಯಾರವೆಂದು ಹುಡುಕಿ, ಒಬ್ಬೊಬ್ಬರನ್ನೇ ತರಾಟೆಗೆ ತೆಗೆದುಕೊಂಡರು ಎಂದು ಊರಲ್ಲಿ ಈಗಲೂ ಹೇಳುತ್ತಾರೆ.

ಮೂರನೆಯ ಸಲ ಕಟ್ಟೆಯವರಿಗೆ ತಾಳ್ಮೆ ತಪ್ಪಿತು. ಅರ್ಜಿ ವಾಪಸು ಪಡೆಯಲು ಕೊನೆಯ ದಿನ, ಮಧ್ಯಾಹ್ನ ಮೂರರವರೆಗೆ ವೇಳೆ. ಒಂದೂವರೆಗೆ ಮೂವರು ಹಿರಿಯರು ಗಿರಣಿಗೆ ಬಂದು ಕಾಕಾನ ಮನವೊಲಿಸಲು ನಿಂತರು. ನಾನು ಆಗ ಹೈಸ್ಕೂಲು; ಸಾಲಿನಲ್ಲಿ ಡಬ್ಬಿ ಹಿಡಿದು ನಿಂತಿದ್ದೆ. ಕಾಕಾ ಗಿರಣಿ ನಿಲ್ಲಿಸಲಿಲ್ಲ. ಅವರು ಕೂಗಿದರೆ ಕಾಕಾ ಕಿವಿ ತೋರಿಸಿ ತಲೆ ಅಲ್ಲಾಡಿಸುತ್ತಾರೆ, ಕೈಯಿಂದ ಸ್ವಲ್ಪ ತಡೀರಿ ಎಂದು ಸನ್ನೆ ಮಾಡುತ್ತಾರೆ, ಇನ್ನೊಂದು ಡಬ್ಬಿ ಸುರಿಯುತ್ತಾರೆ. ಶಾಂತಾ ಮಾವಶಿಗೆ ಮೊದಲು ತಿಳಿಯಿತು. ಅವಳು ಬೀಸಿಸಿಕೊಂಡ ಹಿಟ್ಟನ್ನೇ ತಿರುಗಿ ಸಾಲಿಗೆ ಇಟ್ಟಳು. ಮಿಕ್ಕ ಹೆಂಗಸರೂ ಇಟ್ಟರು. ಹಿಟ್ಟು ಮತ್ತೆ ಹಿಟ್ಟಾಯಿತು. ಆ ದಿನ ಯಾವತ್ತೂ ಹೋಗುವ ಹೊತ್ತಿಗೆ ಕರೆಂಟೂ ಹೋಗಲಿಲ್ಲ. ಮೂರು ಹೊಡೆದು ಐದು ನಿಮಿಷಕ್ಕೆ ಕಾಕಾ ಗಿರಣಿ ನಿಲ್ಲಿಸಿ, ಮೈ ಕೊಡವಿ, ಬಹಳ ಮರ್ಯಾದೆಯಿಂದ, "ಏನೋ ಹೇಳಾಕ ಬಂದಿದ್ರೆಲ್ಲ, ಈಗ ಹೇಳ್ರಿ" ಅಂದರು. ಅವತ್ತು ಊರ ರೊಟ್ಟಿ ಬೆಣ್ಣೆಯ ಹಾಗಿದ್ದವು.

ನಾಲ್ಕನೆಯ ಸಲದ ಹೊತ್ತಿಗೆ ನನಗೆ ವೋಟು ಬಂದಿತ್ತು, ಬಾಯಿಯಂತೂ ಬಂದೇ ಇತ್ತು. ಒಂದು ರವಿವಾರ ಗಿರಣಿಯಲ್ಲಿ ನಾವಿಬ್ಬರೇ ಇದ್ದಾಗ ನೇರ ಕೇಳಿದೆ. ಗೆಲ್ಲಲು ನಿಲ್ಲುವುದು ತಿಳಿಯುತ್ತದೆ. ಸೋಲಲು ನಿಲ್ಲುವುದು ನಾಟಕ ಅಲ್ಲವೇ? ಕಾಕಾ ಎದ್ದು ಹೋಗಿ ಗಿರಣಿ ಸುರು ಮಾಡಿದರು. ತಮ್ಮ ಮನೆಯ ಜೋಳವನ್ನೇ ಸುರಿದು, ನನ್ನನ್ನು ಹತ್ತಿರ ಕರೆದು, ಕಿವಿಗೆ ಬಾಯಿ ಹಚ್ಚಿ ಕೂಗಿ ಕೂಗಿ ಹೇಳಿದರು. ಗುಟ್ಟು ಹೇಳಲು ಅವರಿಗೆ ಇದ್ದದ್ದು ಅದೊಂದೇ ದಾರಿ ಎಂದು ನನಗೆ ಆಗ ಹೊಳೆಯಿತು.

ಬಹಳ ಹಿಂದೆ, ಮೊದಲ ಸಲ ನಮ್ಮ ವಾರ್ಡು ಬಿನವಿರೋಧ ಆದಾಗ ಕಾಕಾ ಸ್ವತಃ ಆ ಕಟ್ಟೆಯ ಮೇಲೆ ಕೂತಿದ್ದರು. ಎಲ್ಲರೂ ಕೈ ಎತ್ತಿದಾಗ ಇವರೂ ಎತ್ತಿದ್ದರು. ಮನೆಗೆ ಬಂದು ಹೇಳುವುದು ಯಾರಿಗೂ ನೆನಪಾಗಲಿಲ್ಲ. ಗಂಡಸರಲ್ಲಿ ಮುಗಿದ ಮಾತು. ವೋಟಿನ ದಿನ ಎಂದು ಮೊದಲು ಹೇಳಿದ್ದ ದಿನ ಬಂತು. ಕಾಕಾನ ಅವ್ವ ನಸುಕಿಗೆ ಎದ್ದು, ತಲೆಗೆ ಎರೆದುಕೊಂಡು, ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟು, ಗುರುತಿನ ಚೀಟಿ ಹಿಡಿದು ಮತಗಟ್ಟೆ ಇರುತ್ತಿದ್ದ ಸಾಲಿಗುಡಿಗೆ, ಊರ ಶಾಲೆಗೆ, ಹೋದಳು. ಸಾಲಿಗುಡಿಗೆ ಕೀಲಿ ಹಾಕಿತ್ತು. ಮುದುಕಿ ಬಿಸಿಲು ಏರುವ ತನಕ ಅಲ್ಲೇ ಕೂತಿದ್ದು ಬಂದಳು. ಮಗ ವಿಷಯ ಹೇಳಿದ. ಅವಳು ಸಿಟ್ಟು ಮಾಡಲಿಲ್ಲ. ಸೀರೆ ಬಿಚ್ಚಿ ಮಡಚುತ್ತಾ, "ನನ್ನ ಕೇಳಲಿಲ್ಲಲ್ಲೋ ಬಾಳ್ಯಾ" ಅಂದಳಂತೆ. ಮುಂದಿನ ಚುನಾವಣೆಗೆ ಅವಳು ಇರಲಿಲ್ಲ.

"ರಾವಸಾಬ ಗೆಲ್ಲಲಿ, ನನಗೇನು ಸಿಟ್ಟಿಲ್ಲ," ಕಾಕಾ ನನ್ನ ಕಿವಿಯಲ್ಲಿ ಕೂಗಿದರು. "ಆದರ ನಮ್ಮ ಬಾಗಲಿಗೆ ಬಂದು, ಕೇಳಿ, ಗೆಲ್ಲಲಿ."

ಇಷ್ಟಕ್ಕೆ ನಾನು ಸುಮ್ಮನಿದ್ದರೆ ಚೆನ್ನಾಗಿತ್ತು. ಆದರೆ ನನಗೆ ಕಣ್ಣಲ್ಲಿ ನೀರು ಬಂದಿತ್ತು, ಮತ್ತು ಕಣ್ಣಲ್ಲಿ ನೀರು ಬಂದರೆ ನನಗೆ ವಾದ ಮಾಡಬೇಕೆನಿಸುತ್ತದೆ. ಇಂಥ ಮನುಷ್ಯ ಯಾಕೆ ಸೋಲಬೇಕು ಎಂದು ಪರೀಕ್ಷೆಗೆ ಓದಲು ಕೊಟ್ಟ ರಜೆಯಲ್ಲಿ ಊರಿಗೆ ಬಂದು ಕೂತೆ. ದಿನಾ ಸಂಜೆ ಒಂದೊಂದು ಓಣಿಯ ಮೂಲೆಯಲ್ಲಿ ನಿಂತು ಮಾತಾಡಿದೆ. ಕಾಕಾನ ಚಿಹ್ನೆ ಅಲಮಾರಿ. ಸುಮ್ಮನೆ ಮೂಲೆಯಲ್ಲಿ ನಿಂತು ಮನೆಯ ಎಲ್ಲವನ್ನೂ ಕಾಯುವುದು ಅಲಮಾರಿ ಅಂದೆ. ರಾವಸಾಬರು ಸಭೆಯಲ್ಲಿ ಕೈ ಎತ್ತಿದ್ದನ್ನು ನೋಡಿದ್ದೀರಿ, ಬಾಯಿ ತೆರೆದಿದ್ದನ್ನು ಕೇಳಿದ್ದೀರಾ, ಇಷ್ಟು ವರ್ಷದಲ್ಲಿ ನಮ್ಮ ಓಣಿಗೆ ಅವರಿಂದ ಏನು ಬಂತು, ಗಟಾರದ ವಾಸನೆ ಬಿಟ್ಟು ಎಂದು ಕೇಳಿದೆ. ಮಂದಿ ನಕ್ಕರು, ಚಪ್ಪಾಳೆ ಹೊಡೆದರು. ಹುಡುಗರು ವಿಡಿಯೋ ಮಾಡಿ ಊರೆಲ್ಲ ಹಂಚಿದರು. ಕಾಕಾನ ಕಾನೂನು, ಬೈಯುವ ಮೊದಲು ಒಂದು ಚಲೋದು ಹೇಳಬೇಕೆಂಬುದು, ನನಗೆ ನೆನಪಿಗೇ ಬರಲಿಲ್ಲ. ಚರ್ಚೆಯಲ್ಲಿ ಎದುರಿನವರ ಗುಣ ಹೇಳಿದರೆ ಅಂಕ ಹೋಗುತ್ತದೆ.

ಮತದಾನಕ್ಕೆ ಮೂರು ದಿನ ಇರುವಾಗ ಗಾಳಿ ತಿರುಗಿದ್ದು ಎಲ್ಲರಿಗೂ ಕಂಡಿತು. ಗಿರಣಿಗೆ ಬಂದವರು ಕಾಕಾನ ಕೈ ಹಿಡಿದು, ಈ ಸಲ ನೀವೇ ಬರ್ತೀರಿ ಬಿಡ್ರಿ ಅನ್ನತೊಡಗಿದರು. ಕಾಕಾ ಆ ದಿನ ಊಟ ಮಾಡಲಿಲ್ಲವಂತೆ. ನನ್ನನ್ನು ಕರೆಸಿದರು. ಹೋದ ಕೂಡಲೇ ಗಿರಣಿ ಸುರು ಮಾಡಿ ಜೋಳ ಸುರಿದರು. ಕಿವಿಗೆ ಬಾಯಿ ಹಚ್ಚುವ ಮೊದಲು ನನ್ನ ಮುಖ ನೋಡಿದರು. ಅಷ್ಟು ಹೆದರಿದ ಮುಖವನ್ನು ನಾನು ಅವರಲ್ಲಿ ಕಂಡಿರಲಿಲ್ಲ.

"ವಕೀಲಬಾಯಿ, ನನ್ನ ಗೆಲ್ಲಸಾಕತ್ತೀಯಲ್ಲ, ನಾ ಏನ್ ಮಾಡೀನಿ ನಿನಗ?"

ನಾನು ನಗಲು ಹೋದೆ. ಅವರು ನಗಲಿಲ್ಲ. ಪಂಚಾಯತಿಯ ಕೆಲಸ ತನಗೆ ಬರುವುದಿಲ್ಲ, ದಿನಾ ತಾಲೂಕು ಕಚೇರಿಗೆಂದು ಕಾಗವಾಡಕ್ಕೆ ಓಡಾಡಿದರೆ ಊರಿಗೆ ಹಿಟ್ಟು ಯಾರು ಮಾಡಬೇಕು ಅಂದರು. ಅದು ನೆಪ, ಮುಖ್ಯ ಮಾತು ಬೇರೆ ಇತ್ತು. "ಒಂದ್ಸಲ ಕೈ ಎತ್ತೀನಿ ನಾನು. ಎಲ್ಲಾರೂ ಎತ್ತಿದ್ರು, ಎತ್ತಿದೆ. ಕುರ್ಚಿ ಮ್ಯಾಲ ಕುಂತೆ ಅಂದ್ರ ಮುಂದಿನ ಸಲ ಕಟ್ಟಿ ಮ್ಯಾಲ ಕುಂತು ಬಿನವಿರೋಧ ಮಾಡ್ರಿ ಅನ್ನಾಂವ ನಾನಾ ಆಗತೀನಿ. ನನ್ನ ನನಗ ಗೊತ್ತೈತಿ."

ಅರ್ಜಿ ವಾಪಸು ಪಡೆಯುವ ವೇಳೆ ಮುಗಿದಿತ್ತು. ಇನ್ನು ಮೂರು ದಿನದಲ್ಲಿ ಏನು ಮಾಡುವುದು? ಕಾಕಾ ಅದನ್ನೂ ಯೋಚಿಸಿದ್ದರು. "ನಿನಗ ಎರಡೂ ಕಡಿ ಮಾತಾಡಾಕ ಬರತೈತಲ್ಲ. ಈಗ ಅತ್ಲಾಗಿಂದು ಮಾತಾಡು. ಸುಳ್ಳ ಹೇಳಬ್ಯಾಡ. ಖರೇನ ಒಂದು ಹುಡಿಕ್ಯಾಡಿ ಹೇಳು."

ಸಿಟ್ಟು ಬಂತು, ನಾಚಿಕೆಯೂ ಬಂತು. ಎಂಟು ದಿನ ಬೈದವರನ್ನು ಒಂಬತ್ತನೆಯ ದಿನ ಹೊಗಳಿದರೆ ಮಂದಿ ಏನಂದಾರು? ಆದರೂ ರಾವಸಾಬರ ಪರವಾಗಿ ಅಂಶ ಬರೆದುಕೊಳ್ಳಲು ಕೂತೆ. ಕಾಗದ ಖಾಲಿ ಉಳಿಯಿತು. ಕಾಕಾನ ಪ್ರಕಾರ ಅದರ ಅರ್ಥ ಒಂದೇ. ನನಗೆ ಆ ಮನುಷ್ಯ ಗೊತ್ತೇ ಇರಲಿಲ್ಲ.

ಶಾಂತಾ ಮಾವಶಿಯನ್ನು ಕೇಳಲು ಹೋದೆ. ಅವಳು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನನ್ನ ಕಂಡು ತಲೆ ಎತ್ತದೆ, ಮರಾಠಿ ಬೆರೆಸಿ, "ಕಾಯ್ ಗ, ಏನವಾ ವಕೀಲಬಾಯಿ, ಬೈಯೋದು ಮುಗೀತೇನು?" ಅಂದಳು. ನನ್ನ ಭಾಷಣಕ್ಕೆ ಚಪ್ಪಾಳೆ ಹೊಡೆಯದೆ ಎದ್ದು ಹೋದವಳು ಅವಳೊಬ್ಬಳೇ ಎಂದು ಆಗ ನೆನಪಾಯಿತು. ಕೇಳಿದೆ. ಹೇಳಿದಳು. ಹೊಳೆ ಊರೊಳಗೆ ಬಂದ ವರ್ಷ ನಾನು ಹಾಸ್ಟೆಲಿನಲ್ಲಿದ್ದೆ. ತಗ್ಗಿನ ಓಣಿಯ ಮನೆಗಳೆಲ್ಲ ನೀರಲ್ಲಿ. ರಾವಸಾಬರು ತಮ್ಮ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಹಾಕಿದ್ದ ಮಾಲನ್ನು ಒಂದೇ ದಿನದಲ್ಲಿ ತೆಗೆಸಿ, ಆ ಓಣಿಯ ಎಲ್ಲ ಮನೆಯವರನ್ನೂ, ಅವರ ಆಡು ಎಮ್ಮೆಗಳನ್ನೂ ಅಲ್ಲಿ ಇರಿಸಿದರು. ನೀರು ಇಳಿದು ಮನೆ ಒಣಗುವ ತನಕ ಎಷ್ಟು ದಿನ ಇದ್ದರೂ ಹೋಗಿ ಅನ್ನಲಿಲ್ಲ. ಆ ವರ್ಷದ ಒಣದ್ರಾಕ್ಷಿ ಅವರದು ಹೋಯಿತು.

"ಹಂಗಾದ್ರ ಇದನ್ನ ಅವರು ಯಾಕ ಹೇಳಲಿಲ್ಲ ಮಾವಶಿ?"

"ಯಾರು ಕೇಳಿದ್ರು? ವೋಟ್ ಬೇಡಬೇಕಾಗಿದ್ರ ಹೇಳತಿದ್ದ. ಬೇಡಿಲ್ಲ, ಹೇಳಿಲ್ಲ. ಗಟಾರಾನೂ ನೋಡಿಲ್ಲ. ಎರಡೂ ಬರಕೋ."

ಎರಡನ್ನೂ ಬರೆದುಕೊಂಡೆ. ಮರುದಿನ ಸಂಜೆ ನಮ್ಮ ಓಣಿಯ ಮೂಲೆಯಲ್ಲಿ ನಿಂತು, ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಸ್ಪರ್ಧೆಯಲ್ಲಿ ಯಾವತ್ತೂ ಮಾಡದ ಕೆಲಸ. ಶೆಡ್ಡಿನ ವಿಷಯ ಹೇಳಿದೆ, ಗಟಾರದ ವಿಷಯವನ್ನೂ ಬಿಡಲಿಲ್ಲ. ಇವರೂ ಮನುಷ್ಯರು, ಅವರೂ ಮನುಷ್ಯರು, ನಿಮ್ಮ ಮನಸ್ಸಿಗೆ ಬಂದವರಿಗೆ ಹಾಕಿ ಎಂದು ಮುಗಿಸಿದೆ. ಚಪ್ಪಾಳೆ ಬರಲಿಲ್ಲ. ಒಬ್ಬ ಹುಡುಗ, "ಅಕ್ಕಾ, ಎಷ್ಟು ತಗೊಂಡಿ?" ಎಂದು ಕೇಳಿದ. ಹಿಂದಿನ ಸಾಲಿನಿಂದ ಶಾಂತಾ ಮಾವಶಿ ಅವನ ತಲೆಗೆ ಒಂದು ಕೊಟ್ಟಳು. ಜನರ ನಡುವೆ ರಾವಸಾಬರೂ ನಿಂತಿದ್ದರು. ಆ ರಾತ್ರಿ ಊಟದ ಹೊತ್ತಿಗೆ, ನಾನು ಕಂಡ ಹಾಗೆ ಮೊದಲ ಸಲ, ಅವರು ನಮ್ಮ ಓಣಿಯ ಒಂದೊಂದೇ ಬಾಗಿಲಿಗೆ ಹೋಗಿ ಕೈ ಮುಗಿದು ನಿಂತರು. ಮಾತು ಬರಲಿಲ್ಲ. ನಿಂತರು, ಅಷ್ಟೇ. ಗಟಾರದ ಮೇಲಿನ ಹಲಗೆ ಒಂದು ಕಡೆ ಮುರಿದಿತ್ತು. ಅದರಲ್ಲಿ ಕಾಲಿಟ್ಟು ಮೊಣಕಾಲವರೆಗೆ ಇಳಿದರು, ಕಾಲು ತರಚಿತು. ಆ ಕಾಲಿನಲ್ಲೇ ಉಳಿದ ಮನೆಗಳನ್ನೂ ಮುಗಿಸಿದರು.

ಮತದಾನದ ದಿನ ಸಾಲಿಗುಡಿಯ ಮುಂದೆ ಹೆಂಗಸರ ಸಾಲು ಗೇಟಿನಾಚೆ ಬಂದಿತ್ತು. ಟ್ರಂಕಿನಿಂದ ತೆಗೆದ ಸೀರೆಗಳ ವಾಸನೆ. ನಾನು ಆ ಸಾಲಿನಲ್ಲಿ ನಿಂತು, ಸಾವಿರದಲ್ಲಿ ಒಂದು ಎಂಬ ನನ್ನ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಿದೆ. ಲೆಕ್ಕ ಈಗಲೂ ಸರಿಯಾಗಿಯೇ ಇತ್ತು. ಆದರೂ ನಿಂತೆ. ಮುದುಕಿಯರು ಒಳಗೆ ಹೋಗಿ ಬೆರಳು ನೋಡಿಕೊಳ್ಳುತ್ತ ಹೊರಬರುವುದನ್ನು ಕಾಕಾ ರಸ್ತೆಯ ಆ ಬದಿಯಿಂದ ನೋಡುತ್ತಿದ್ದರು. ಸ್ನಾನ ಮಾಡಿ ಬಂದಿದ್ದರಿಂದ ಅರ್ಧ ಊರಿಗೆ ಅವರ ಗುರುತು ಸಿಗಲಿಲ್ಲ.

ಎಣಿಕೆ ಕಾಗವಾಡದಲ್ಲಿ. ನಾನು ಕಾಕಾನ ಏಜೆಂಟ್. ಮತಪತ್ರ ಬಿಚ್ಚಿ ಬಿಚ್ಚಿ ಎರಡು ಗುಂಪು ಮಾಡುತ್ತಿದ್ದರು. ಒಂದು ಹೊತ್ತಿಗೆ ಅಲಮಾರಿಯ ಗುಂಪು ಎತ್ತರ, ಇನ್ನೊಂದು ಹೊತ್ತಿಗೆ ಅತ್ತಲಾಗಿನದು. ಕಾಕಾ ನನ್ನ ಮೊಣಕೈ ಗಟ್ಟಿ ಹಿಡಿದಿದ್ದರು. ಆಚೆ ರಾವಸಾಬರ ತುಟಿ ಒಣಗಿತ್ತು. ಇಬ್ಬರಿಗೂ ಒಂದೇ ಫಲಿತಾಂಶ ಬೇಕಾಗಿತ್ತು, ಅದು ಅಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಕೊನೆಗೆ ಅಧಿಕಾರಿ ಓದಿದರು. ರಾವಸಾಬರಿಗೆ ಹನ್ನೊಂದು ವೋಟು ಹೆಚ್ಚು.

ಕಾಕಾ ನನ್ನ ಮೊಣಕೈ ಬಿಟ್ಟು, ಬೆಂಚಿನ ಮೇಲೆ ಕೂತು, ಹೊಟ್ಟೆಯಲ್ಲಿ ಇದ್ದ ಉಸಿರೆಲ್ಲ ಹೊರಗೆ ಬಿಟ್ಟರು. "ಸೋತೆ ನೋಡವಾ. ಬಚಾವಾದೆ." ಮೆಲ್ಲಗೇ ಹೇಳಿದರು ಅಂದುಕೊಂಡಿದ್ದರು. ಬಾಜೂ ವಾರ್ಡಿನ ಎಣಿಕೆ ನಿಂತುಹೋಯಿತು. ಗೆದ್ದವರು ಯಾರು ಎಂದು ಎಲ್ಲರೂ ಎದ್ದು ನಿಂತು ನೋಡಿದರು. ರಾವಸಾಬರು ಬಂದು ಕಾಕಾನ ಕಾಲು ಮುಟ್ಟಿದರು. ಕಾಕಾ ಅವರ ಕಾಲು ನೋಡಿ, ಗಟಾರದ ಗಾಯ ವಾಸಿ ಆತೇನು ಎಂದು ಕೇಳಿದರು. ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕಾಕಾ ಊರು ಬರುವ ತನಕ ನಿದ್ದೆ ಹೊಡೆದರು. ಅಷ್ಟೂ ದಿನ ಬಾಕಿ ಇದ್ದ ನಿದ್ದೆ. ನನಗೂ ಹಗುರಾಗಿತ್ತು, ಸೋತದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದು ಅದೊಂದೇ ಸಲ.

ಒಂದು ತಿಂಗಳಿಗೆ ರಾವಸಾಬರು ತಾವೇ ಡಬ್ಬಿ ಹಿಡಿದು ಗಿರಣಿಯ ಸಾಲಿಗೆ ಬಂದು ನಿಂತರು. ಆ ಹೊತ್ತಿಗೆ ಗಟಾರದ ಮೇಲೆ ಹೊಸ ಹಾಸುಗಲ್ಲು ಬಿದ್ದಿದ್ದವು.

ಹಿಟ್ಟು ಕೊನೆಗೆ ಕಾಕಾನ ಎದೆಯಲ್ಲಿ ಕೂತಿತು. ಕೆಮ್ಮು ಹತ್ತಿದ್ದು ಬಿಡಲಿಲ್ಲ. ಮಿರಜಿಗೆ ಹೋಗಿ ಬಂದರೂ ಅಷ್ಟೇ. ಗಿರಣಿ ಸೊಸೆಯ ಕೈಗೆ ಬಂತು. ನಾನು ಕಡೆಯ ಸಲ ನೋಡಲು ಹೋದಾಗ ಅವರು ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮುಖದಲ್ಲಿ ಹಿಟ್ಟಿರಲಿಲ್ಲ, ಆದರೂ ಕೂದಲು ಬಿಳಿಯೇ ಇದ್ದವು. ಏನೋ ಹೇಳಿದರು, ಕೇಳಿಸಲಿಲ್ಲ. ಕಿವಿ ಹತ್ತಿರ ಒಯ್ದೆ. ಅವರಿಗೆ ಕಡೆಗೂ ಪಿಸುಮಾತು ಬಂದಿತ್ತು.

"ಮುಂದಿನ ಸಲ ಯಾರು ನಿಲ್ಲತಾರ?"

"ನಾ ಅದೀನ್ರಿ ಕಾಕಾ."

ತಲೆ ಅಲ್ಲಾಡಿಸಿದರು. ಕಣ್ಣಲ್ಲಿ ಹಳೆಯ ನಗು. "ನೀ ಬ್ಯಾಡ. ನೀ ಗೆಲ್ಲತಿ."

ಕಾಕಾ ಹೋಗಿ ಎರಡು ವರ್ಷಕ್ಕೆ ಮತ್ತೆ ಪಂಚಾಯತಿ ಚುನಾವಣೆ ಬಂತು. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಗಿತ್ತು. ಕಟ್ಟೆಯವರು ಕೂತು ರಾವಸಾಬರ ಹೆಂಡತಿಯ ಹೆಸರು ಹೇಳಿದರೆಂದು, ಬಿನವಿರೋಧದ ಮಾತು ಎದ್ದಿದೆಯೆಂದು ಅವ್ವ ಫೋನಿನಲ್ಲಿ ಹೇಳಿದಳು. ನಾನು ಈಗ ಅಥಣಿಯಲ್ಲಿ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ನನಗೆ ನಿಲ್ಲುವ ಮನಸ್ಸಿರಲಿಲ್ಲ. ಪಂಚಾಯತಿಯ ಕುರ್ಚಿ ನನಗೂ ಭಯ. ಆದರೆ ಸಾಲಿಗುಡಿಯ ಕೀಲಿ ಕಣ್ಣಿಗೆ ಕಟ್ಟಿತು. ಕೊನೆಯ ದಿನ ಬೆಳಿಗ್ಗೆ ಅರ್ಜಿ ತುಂಬಿ, ಬ್ಯಾಗಿನಲ್ಲಿ ಇಟ್ಟುಕೊಂಡು, ಊರಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ, ಗೆಲ್ಲದ ಹಾಗೆ ಭಾಷಣ ಮಾಡುವುದು ಹೇಗೆ ಎಂದು ಯೋಚಿಸುತ್ತ ಬಂದೆ.

ಪಂಚಾಯತಿ ಕಚೇರಿಯ ಮೆಟ್ಟಿಲ ಮೇಲೆ ಶಾಂತಾ ಮಾವಶಿ ಕೂತಿದ್ದಳು. ಪಕ್ಕದಲ್ಲಿ ಕಾಕಾನ ಸೊಸೆ, ಹಿಟ್ಟು ಹತ್ತಿದ ಕೈಯಲ್ಲೇ ಬಂದಿದ್ದಳು. ಮಾವಶಿ ಇಳಕಲ್ ಸೀರೆ ಉಟ್ಟಿದ್ದಳು. ತೊಡೆಯ ಮೇಲೆ ಅರ್ಜಿ. ಅದರಲ್ಲಿ ಅಭ್ಯರ್ಥಿಯ ಜಾಗದಲ್ಲಿ ಅವಳ ದೊಡ್ಡ ಅಕ್ಷರದ ಸಹಿ ಗೆರೆ ದಾಟಿ ಕೆಳಗಿಳಿದಿತ್ತು. ಸೂಚಕರ ಜಾಗಕ್ಕೆ ಸೊಸೆ ಸಹಿ ಹಾಕಿದ್ದಳು.

ನನ್ನ ಎದೆಯಿಂದ ಏನೋ ಇಳಿದು ಹೋಯಿತು. ಆ ದಿನ ಕಾಗವಾಡದ ಬೆಂಚಿನ ಮೇಲೆ ಕಾಕಾ ಬಿಟ್ಟ ಉಸಿರು ಎಂಥದೆಂದು ಆಗ ತಿಳಿಯಿತು. ಮಾವಶಿಯ ಪಕ್ಕ ಕೂತು ಕೇಳಿದೆ, "ಕಾಕಾನಂಗ ಸೋಲಾಕ ನಿಂತೀಯೇನು ಮಾವಶಿ?"

ಅವಳು ನನ್ನ ಬ್ಯಾಗು ನೋಡಿದಳು, ನನ್ನ ನೋಡಿದಳು. ಅರ್ಜಿಯ ಮೇಲೆ ಬಿದ್ದಿದ್ದ ಹಿಟ್ಟನ್ನು ಊದಿದಳು.

"ಯಾಕ ಸೋಲಲಿ? ನಾ ಗೆಲ್ಲಾಕ ಬಂದೀನಿ. ರಾವಸಾಬನ ಬಾಗಲಿಗೂ ಹೋಗಿ ಕೇಳತೀನಿ."

ಒಳಗಿನಿಂದ ಅವಳ ಹೆಸರು ಕರೆದರು. ಎದ್ದು ಹೋದಳು. ನಾನು ನನ್ನ ಅರ್ಜಿಯನ್ನು ನಾಲ್ಕು ಮಡಿಕೆ ಮಡಚಿ ಬ್ಯಾಗಿನ ತಳಕ್ಕೆ ಹಾಕಿ, ಮನೆಗೆ ಹೋಗಿ ಅವ್ವ ಕೊಟ್ಟ ಜೋಳದ ಡಬ್ಬಿ ತೆಗೆದುಕೊಂಡು ಗಿರಣಿಯ ಕಡೆ ನಡೆದೆ. ಸೊಸೆ ಬಂದು ಗಿರಣಿ ತೆಗೆಯುವ ತನಕ ಸಾಲಿನಲ್ಲಿ ನಿಂತಿದ್ದರಾಯಿತು.